ಶಾವಿಗೆ ಮಣೆಯ ಜೀರ್ಣೋದ್ಧಾರ

ನಮ್ಮ ಮನೆಯಲ್ಲಿ ಒಂದು ಸರ್ಫ್‌ಬೋರ್ಡ್ ಇದೆ. ಈ ಮಾತನ್ನು ಗೋಕರ್ಣದಲ್ಲೋ ಗೋವೆಯಲ್ಲೋ ಕೂತು ಬರೆದಿದ್ದರೆ ನೀವು ಆಕಳಿಸಿ ಪುಟ ತಿರುವುತ್ತಿದ್ದಿರಿ. ಆದರೆ ನಾನು ಕೂತಿರುವುದು ಬೈಲಹೊಂಗಲದಲ್ಲಿ. ಇಲ್ಲಿಂದ ಸಮುದ್ರ ನೋಡಬೇಕೆಂದರೆ ಬೆಳಗಾವಿ ದಾಟಿ ಘಟ್ಟ ಇಳಿಯಬೇಕು. ನಮ್ಮ ಕಡೆ ಏಳುವ ಅಲೆ ಚುನಾವಣೆಯದೊಂದೇ, ಅದರ ಮೇಲೆ ನಿಲ್ಲಲು ಹಲಿಗೆ ಬೇಕಾಗುವುದಿಲ್ಲ.

ಇನ್ನೂ ನಾಚಿಕೆಯ ಸಂಗತಿ ಎಂದರೆ, ಅದು ಸರ್ಫ್‌ಬೋರ್ಡ್ ಎಂದು ನನಗೆ ತಿಳಿದದ್ದೇ ಮೊನ್ನೆ ಮೊನ್ನೆ. ಸಣ್ಣವನಿದ್ದಾಗ ಅದರ ಮೇಲೆ ಜಾರುಬಂಡಿ ಆಡಿದ್ದೇನೆ, ಆಡಿದ್ದಕ್ಕೆ ಬೆನ್ನಿಗೆ ಏಟು ತಿಂದಿದ್ದೇನೆ, ಅದರ ತುದಿಯಲ್ಲಿ ಕೂತು ಹಸಿ ಹಿಟ್ಟು ಕದ್ದು ಮೆದ್ದಿದ್ದೇನೆ. ನಮ್ಮ ಮನೆಯಲ್ಲಿ ಅದರ ಹೆಸರು ‘ಫಳಿ’. ಉದ್ದನೆಯದು ಚಪ್ಪಟೆಯಾಗಿದ್ದರೆ ನಮ್ಮಲ್ಲಿ ಅದು ಫಳಿಯೇ. ಅದರ ಕೆಲಸ, ಬೇಸಿಗೆಯಲ್ಲಿ ಶಾವಿಗೆ ಹೊಸೆಯಲು ಮಣೆಯಾಗುವುದು. ಉಳಿದ ಕಾಲದಲ್ಲಿ ಕಾಳಿನ ಚೀಲಗಳ ಹಿಂದೆ ಗೋಡೆಗೆ ಒರಗಿ ನಿದ್ದೆ ಮಾಡುವುದು.

ಅದು ಬಂದ ಬಗೆ ಹೀಗೆ. ನನ್ನ ಅಪ್ಪನ ತಮ್ಮ ಈರಪ್ಪ ಕಾಕಾ ಹರೆಯದಲ್ಲಿ ಗೋವೆಗೆ ಕಾಯಿಪಲ್ಲೆಯ ಲಾರಿ ಓಡಿಸುತ್ತಿದ್ದ. ಹೋಗುವಾಗ ಲಾರಿ ತುಂಬ ಕ್ಯಾಬೇಜು, ಹಸಿಮೆಣಸಿನಕಾಯಿ. ಬರುವಾಗ ಲಾರಿ ಖಾಲಿ, ಕಾಕಾನ ಬಾಯಿ ತುಂಬ ಕಥೆ. ಹಾರುವ ಮೀನಿನ ಕಥೆ, ಮರಳಿನಲ್ಲಿ ಮಲಗಿ ಬಿಸಿಲು ಕಾಯಿಸಿಕೊಳ್ಳುವ ಜನರ ಕಥೆ. ಬಿಸಿಲಿಗೆ ಹೆದರಿ ತಲೆಗೆ ವಲ್ಲಿ ಸುತ್ತಿಕೊಳ್ಳುವ ನಮ್ಮವರು ಯಾವುದನ್ನೂ ನಂಬುತ್ತಿರಲಿಲ್ಲ. ಅಲ್ಲಿ ಒಬ್ಬ ಕೆಂಪು ಗಡ್ಡದ ವಿದೇಶಿ ಹುಡುಗನನ್ನು ಕಾಕಾ ಆಗೀಗ ಲಾರಿಯಲ್ಲಿ ಹತ್ತಿಸಿಕೊಂಡು ಹೋಗುತ್ತಿದ್ದನಂತೆ. ಆತ ತನ್ನ ದೇಶಕ್ಕೆ ಹೊರಟಾಗ, ಬಂಡೆಗೆ ಬಡಿದು ಮೂಗು ಒಡೆದಿದ್ದ ಈ ಹಲಿಗೆಯನ್ನು ಕಾಕಾನಿಗೆ ಕೊಟ್ಟು ಕೈ ಮುಗಿದ. ಕಾಕಾ ಅದನ್ನು ಖಾಲಿ ಬುಟ್ಟಿಗಳ ಮೇಲೆ ಕಟ್ಟಿಕೊಂಡು ಮನೆಗೆ ತಂದ.

ನಮ್ಮ ಅಜ್ಜ ಅದನ್ನು ಬೆರಳಿನಿಂದ ಬಡಿದು ನೋಡಿ ಕೇಳಿದನಂತೆ, “ಬಾಗಲಾ ಚಲೋ ಐತಿ. ಇದರ ಜೋಡಿ ಎಲ್ಲೈತಿ?”

“ಬಾಗಲಾ ಅಲ್ಲಪಾ ಇದು. ಇದರ ಮ್ಯಾಲ ನಿಂತು ಸಮುದ್ರದಾಗ ಓಡ್ತಾರ.”

“ಯಾಕ? ನಿನಗ ಲಾರಿ ಇಲ್ಲೇನು?”

ಅಲ್ಲಿಗೆ ಅದು ಹಾರುವ ಮೀನಿನ ಪಕ್ಕ ಹೋಗಿ ಕೂತಿತು. ಸಮುದ್ರದ ಮಾತನ್ನು ಆ ಮೇಲೆ ಯಾರೂ ಎತ್ತಲಿಲ್ಲ.

ಆದರೆ ಅಜ್ಜಿಯ ಕಣ್ಣಿಗೆ ಯಾವ ವಸ್ತುವೂ ಸುಮ್ಮನೆ ನಿಲ್ಲುವಂತಿರಲಿಲ್ಲ. ಶಾವಿಗೆ ಹೊಸೆಯುವುದನ್ನು ನೋಡದವರಿಗೆ ಹೇಳುತ್ತೇನೆ: ಉದ್ದನೆಯ ಮಣೆಯ ಒಂದು ತುದಿ ಎತ್ತರದಲ್ಲಿರಬೇಕು, ಇನ್ನೊಂದು ನೆಲದ ಕಡೆ ಇಳಿದಿರಬೇಕು. ಹೆಂಗಸು ಮೇಲುತುದಿಯಲ್ಲಿ ಕುದುರೆ ಏರಿದ ಹಾಗೆ ಅತ್ತೊಂದು ಇತ್ತೊಂದು ಕಾಲು ಹಾಕಿ ಕೂತು, ನಾದಿದ ಗೋದಿ ಹಿಟ್ಟನ್ನು ಅಂಗೈಯಲ್ಲಿ ಮಣೆಗೆ ಉಜ್ಜುತ್ತ ಹೋದರೆ ಕೂದಲಿನಷ್ಟು ಸಣ್ಣ ಎಳೆ ಇಳಿಯುತ್ತದೆ. ಕೆಳಗೆ ಇನ್ನೊಬ್ಬಳು ಅದನ್ನು ಹಿಡಿದು ಕೋಲಿಗೆ ಹಾಕುತ್ತಾಳೆ. ಎಳೆ ಹುಟ್ಟಬೇಕಾದರೆ ಮಣೆಯ ಮೇಲೆ ಸಣ್ಣ ಸಣ್ಣ ಗೀರು ಇರಲೇಬೇಕು. ಸಮುದ್ರದ ಹಲಿಗೆಯ ಮೇಲೆ ಹಿಟ್ಟು ಜಾರಿತು. ಅಜ್ಜಿ ಕಾಕಾನ ಕೈಗೆ ಕಬ್ಬಿಣ ಕೊಯ್ಯುವ ಗರಗಸದ ಬ್ಲೇಡು ಕೊಟ್ಟು ಗೀರು ಹಾಕಿಸಿದಳು. ಹಲಿಗೆಯ ಹೊಟ್ಟೆಯಲ್ಲಿ ಮೀನಿನ ರೆಕ್ಕೆಯಂಥದ್ದೊಂದು ಎದ್ದು ನಿಂತಿತ್ತು, ಅದರಿಂದ ಹಲಿಗೆ ಓಲಾಡಿತು. ಬಡಿಗೇರನನ್ನು ಕರೆಸಿ ಅದನ್ನು ಕೊಯ್ಯಿಸಿದಳು. ಕೊಯ್ದ ರೆಕ್ಕೆಯನ್ನು ಬಿಸಾಡಿದಳೇ? ಅದು ಹಿಟ್ಟು ನಾದುವ ಪರಾತಕ್ಕೆ ಅಂಟಿದ್ದನ್ನು ಕೆರೆಯಲು ಅಡುಗೆಮನೆ ಸೇರಿತು.

ಅದೇ ವರುಷ ಕಾಕಾನ ಮದುವೆಯಾಗಿ ನೀಲವ್ವ ಕಾಕು ಮನೆಗೆ ಬಂದಳು. ಅಜ್ಜಿ ಹೊಸ ಸೊಸೆಯನ್ನು ಮೊದಲು ಕೂರಿಸಿದ್ದು ಈ ಫಳಿಯ ಮೇಲೆ. ಕಾಕು ಅಲ್ಲಿಂದ ಇಳಿಯಲಿಲ್ಲ ಅನ್ನಿ. ನಮ್ಮ ಮನೆಯ ಅಷ್ಟೂ ಮದುವೆಗಳ ಶಾವಿಗೆ ಅವಳ ಅಂಗೈಯಿಂದ ಈ ಫಳಿಯ ಮೇಲೆಯೇ ಇಳಿದದ್ದು, ನನ್ನ ಮದುವೆಯದೂ ಕೂಡ. ಹೆಣ್ಣುಮಕ್ಕಳ ಮನೆಯ ಮದುವೆಗೆ ತವರಿನಿಂದ ಕೈಶಾವಿಗೆಯ ಬುಟ್ಟಿ ಹೋಗುವುದು ನಮ್ಮ ಮನೆತನದ ಪದ್ಧತಿ. ಬುಟ್ಟಿಯ ಬಟ್ಟೆ ಸರಿಸಿ ಬೀಗರು ಒಂದು ಎಳೆಯನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಆಗ ಕಾಕು ಬೇರೆ ಕಡೆ ಮುಖ ಮಾಡಿ ನಿಂತಿರುತ್ತಾಳೆ, ಕಿವಿ ಮಾತ್ರ ಇಲ್ಲೇ ಇರುತ್ತದೆ.

ಹೋದ ಚಳಿಗಾಲದಲ್ಲಿ ನಾನೂ ನನ್ನ ಹೆಂಡತಿ ಶೋಭಾಳೂ ಗೋಕರ್ಣಕ್ಕೆ ಹೋಗಿದ್ದೆವು. ದರ್ಶನ ಮುಗಿಸಿ ದಂಡೆಯಲ್ಲಿ ನಿಂತಿದ್ದಾಗ ಒಬ್ಬ ಹುಡುಗ ಬಗಲಲ್ಲಿ ಉದ್ದನೆಯದೊಂದನ್ನು ಹಿಡಿದುಕೊಂಡು ನೀರಿನ ಕಡೆ ಓಡಿದ. ನಾನು ಎಲ್ಲರಿಗೂ ಕೇಳುವ ಹಾಗೆ ಕೂಗಿದೆ, “ಏ ಶೋಭಾ, ಅಲ್ಲಿ ನೋಡ, ಶಾವಿಗಿ ಫಳಿ ತಗೊಂಡು ಸಮುದ್ರಕ್ಕ ಹೊಂಟಾನ!”

ಹುಡುಗ ಅದರ ಮೇಲೆ ಕೂತ, ಅತ್ತೊಂದು ಇತ್ತೊಂದು ಕಾಲು ಇಳಿಬಿಟ್ಟು. ಥೇಟು ಕಾಕು. ಅಲೆ ಬಂದಾಗ ಎದ್ದು ನಿಂತ, ನಿಂತು ಓಡಿದ. ನನ್ನ ಎದೆಯಲ್ಲಿ ಈರಪ್ಪ ಕಾಕಾ ಅಷ್ಟು ವರುಷಗಳ ಸುಳ್ಳುಗಾರಿಕೆಯಿಂದ ಒಮ್ಮೆಲೇ ಬಿಡುಗಡೆಯಾದ. ಹಾರುವ ಮೀನೂ ನಿಜವೇ ಇರಬೇಕು. ಊರಿಗೆ ಬಂದು ಕಾಕಾನಿಗೆ ಹೇಳಿದರೆ ಆತ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಲೂ ಇಲ್ಲ. “ನಾ ಹೇಳಿದ್ನಲ್ಲ,” ಅಂದ.

ಆ ದಿನದಿಂದ ನನಗೆ ಹುಚ್ಚು ಹತ್ತಿತು. ಇಂಥ ಹಳೆಯ ಹಲಿಗೆಗಳನ್ನು ರಿಪೇರಿ ಮಾಡುವವರ ವಿಡಿಯೋಗಳನ್ನು ಮೊಬೈಲಿನಲ್ಲಿ ನೋಡತೊಡಗಿದೆ. ಮುರಿದದ್ದನ್ನು ಮೊದಲಿನ ಹಾಗೆ ಮಾಡಿ ಬಿಸಿಲಿಗೆ ಹಿಡಿದರೆ ಕನ್ನಡಿಯಂತೆ ಹೊಳೆಯುತ್ತಿತ್ತು. ನಮ್ಮ ಫಳಿಯನ್ನೂ ಹಾಗೆ ಮಾಡಬೇಕು ಅನ್ನಿಸಿತು. ಹೊತ್ತು ಸರಿಯಾಗಿಯೇ ಕೂಡಿ ಬಂತು. ಕಾಕುವಿನ ಮೊಮ್ಮಗಳು ಅಕ್ಷತಾಳ ಮದುವೆ ಗೊತ್ತಾಯಿತು. ಮಗಳ ಊರು ರಾಮದುರ್ಗಕ್ಕೆ ಹೊರಟ ಕಾಕು, ಬಸ್ಸಿಗೆ ಹೊತ್ತಾದರೂ ಬಾಗಿಲಲ್ಲಿ ನಿಂತು ಹೇಳಿದಳು:

“ಮಾಂತೂ, ನಾ ಬರೂದರೊಳಗ ಫಳಿ ಹೊರಗ ತಗದು ಸ್ವಚ್ಛ ಮಾಡಿ ಇಡಪಾ. ಅಕ್ಷತಾಗ ಮಾತು ಕೊಟ್ಟೇನಿ. ಕೈ ನಡಗಾಕ ಹತ್ಯಾವು. ಈಕಿ ಮದುವಿ ಶಾವಿಗಿ ಒಂದು ಮಾಡಿಬಿಟ್ಟೆ ಅಂದ್ರ, ಆಮ್ಯಾಲ ನಾ ಕುಂದರೂದಿಲ್ಲ.”

ಸ್ವಚ್ಛ ಮಾಡು ಅಂದಳು. ಒದ್ದೆ ಅರಿವೆಯಿಂದ ಒರೆಸಿ ಬಿಸಿಲಿಗಿಟ್ಟಿದ್ದರೆ ಆ ಆಜ್ಞೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಸ್ವಚ್ಛ ಮಾಡುವುದು ಎಲ್ಲಿಗೆ ಮುಗಿಯುತ್ತದೆ ಎಂಬುದು ನನ್ನಂಥವನಿಗೆ ತಿಳಿಯುವುದಿಲ್ಲ. ನನ್ನದು ಫೋಟೋ ಸ್ಟುಡಿಯೋ. ಹಳೆಯ ಫೋಟೋಗಳ ಮಡಿಕೆ, ಕಲೆ, ಗೆದ್ದಲು ತಿಂದ ಮೂಲೆ ಇವನ್ನೆಲ್ಲ ಅಳಿಸಿ ಹೊಸದು ಮಾಡಿ ಚೌಕಟ್ಟು ಹಾಕಿ ಕೊಡುವುದು ನನ್ನ ಹೊಟ್ಟೆಪಾಡು. ಒಮ್ಮೆ ನೇಸರಗಿಯ ಒಬ್ಬ ಅಜ್ಜಿ ತೀರಿಹೋದ ಗಂಡನ ಫೋಟೋ ತಂದಿದ್ದಳು. ಗಲ್ಲದ ಮೇಲೆ ಉದ್ದನೆಯ ಗೆರೆ ಇತ್ತು. ಫೋಟೋದ ಮಡಿಕೆ ಎಂದು ತಿಳಿದು ಚೆನ್ನಾಗಿ ಅಳಿಸಿದೆ. ಅಜ್ಜಿ ನೋಡಿದಳು, ಕನ್ನಡಕ ಒರೆಸಿ ಮತ್ತೆ ನೋಡಿದಳು. “ಚಂದ ಅದಾನು. ಆದರ ಇಂವ ಯಾರಪಾ?” ಅಂದಳು. ಅದು ಎತ್ತಿನ ಕೋಡು ತಾಗಿದ ಗಾಯವಂತೆ. ಆ ಗೆರೆಯನ್ನು ಮತ್ತೆ ಬರೆದು ಕೊಟ್ಟೆ. ಬುದ್ಧಿಯನ್ನು ಮಾತ್ರ ಫೋಟೋದ ಜೊತೆಗೇ ಕಟ್ಟಿ ಕಳಿಸಿದ್ದೆ ಎಂದು ಕಾಣುತ್ತದೆ.

ಅಂಗಳದಲ್ಲಿ ಬೇವಿನ ನೆರಳಿಗೆ ಫಳಿ ಮಲಗಿಸಿ ಕೆಲಸ ಸುರು ಮಾಡಿದೆ. “ಮೊದಲು ಹಲಿಗೆಯಲ್ಲದ್ದನ್ನೆಲ್ಲ ತೆಗೆಯಿರಿ” ಎನ್ನುವುದು ವಿಡಿಯೋದವನ ಮೊದಲ ಪಾಠ. ಉಸುಕಿನ ಕಾಗದದಿಂದ ತಿಕ್ಕಿದೆ. ವರುಷಗಟ್ಟಲೆಯ ಹಿಟ್ಟಿನ ಪದರು ಬಿಳಿ ಧೂಳಾಗಿ ಎದ್ದು, ನಾನು ರವೆಯಲ್ಲಿ ಹೊರಳಿಸಿದ ಉಂಡೆಯಂತಾದೆ. ಅದರ ಕೆಳಗೆ ಕೇಸರಿ ಬಣ್ಣದ ಪಟ್ಟೆ, ಪಟ್ಟೆಯ ನಡುವೆ ಹಳದಿ ಸೂರ್ಯ! ಇಷ್ಟು ಕಾಲ ನಮ್ಮ ಕಾಕು ಒಬ್ಬ ಸೂರ್ಯನ ಮೇಲೆ ಕೂತಿದ್ದಳು. ಹಲಿಗೆಯ ಒಳಗೆ ಹಗುರವಾದ ಗಟ್ಟಿ ನೊರೆ, ನಡುವೆ ಬೆನ್ನುಹುರಿಯಂತೆ ಕಟ್ಟಿಗೆಯ ಪಟ್ಟಿ, ಹೊರಗೆ ಗಾಜಿನೆಳೆಯ ಬಟ್ಟೆಗೆ ರಾಳ ಕುಡಿಸಿದ ಚರ್ಮ. ಆ ಬಟ್ಟೆ ಮತ್ತು ರಾಳವನ್ನು, ಒಡೆದ ನೀರಿನ ಟಾಕಿಗೆ ತೇಪೆ ಹಾಕುವವರಿಗೆ ಸಾಮಾನು ಮಾರುವ ಬೆಳಗಾವಿಯ ಅಂಗಡಿಯಿಂದ ತಂದೆ. ಒಡೆದ ಮೂಗು ಕಟ್ಟಿದೆ. ಮೊಣಕಾಲು ಊರಿ ಊರಿ ಬಿದ್ದ ತಗ್ಗುಗಳನ್ನು ತುಂಬಿದೆ. ಅಡ್ಡಡ್ಡ ಗೀರುಗಳಿದ್ದವಲ್ಲ, ಅವನ್ನೂ ಒಂದೊಂದಾಗಿ ತುಂಬಿದೆ. ಅಡುಗೆಮನೆಯಿಂದ ರೆಕ್ಕೆಯನ್ನು ಎತ್ತಿಕೊಂಡು ಬಂದು ಅದರ ಜಾಗದಲ್ಲಿ ಅಂಟಿಸಿದೆ.

ರಾಳದ ನಾತಕ್ಕೆ ಮೂಗಿಗೆ ಸೆರಗು ಹಿಡಿದ ಶೋಭಾ, “ಮನ್ಯಾಗ ಕಿಟಕಿ ಕೊಂಡಿ ಮುರದು ಎರಡು ಹಬ್ಬ ಆದ್ವು, ಅದನ್ನ ರಿಪೇರಿ ಮಾಡೂದಿಲ್ಲ. ಇದನ್ನ ಮಾತ್ರ ಮೂರ್ತಿ ಕೆತ್ತಿದಂಗ ಕೆತ್ತಾಕ ಹತ್ತೀರಿ. ಉಗರಗೋಳದಾಗ ಒಂದು ಅಂಗಡಿ ಹಿಡದು ಇಡ್ರಿ, ದೇವಿ ಗುಡ್ಡಕ್ಕ ಹೋಗಾವ್ರು ಇದಕ್ಕೂ ಒಂದು ಕಾಯಿ ಒಡದು ಹೋಗ್ತಾರ,” ಅಂದಳು. ಕಲಾವಿದನಿಗೆ ಇಂಥ ಮಾತು ಹೊಸದಲ್ಲ. ನಾನು ಮತ್ತೊಂದು ಪದರು ರಾಳ ಬಳಿದೆ.

ಇಲ್ಲಿ ಸ್ವಲ್ಪ ಅಡ್ಡದಾರಿ ಹಿಡಿಯುತ್ತೇನೆ, ತಪ್ಪು ತಿಳಿಯಬೇಡಿ. ಹಳೆಯ ಶಾಸನಗಳಲ್ಲಿ ದಾನ ಕೊಡುವಾಗ ‘ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ’ ಎಂದು ಬರೆಸುತ್ತಿದ್ದರು ಎಂದು ನನ್ನ ಅಜ್ಜ ಹೇಳುತ್ತಿದ್ದ. ಗುಡಿಯಲ್ಲಿ ಮುಂದೆ ಏನಾದರೂ ಮುರಿದರೆ, ಬಿರಿದರೆ, ಅದನ್ನು ಎತ್ತಿ ನಿಲ್ಲಿಸಲಿಕ್ಕೆ. ಕಟ್ಟುವ ಹೊತ್ತಿಗೇ ಮುರಿಯುವುದರ ಏರ್ಪಾಡು ಮಾಡಿಡುತ್ತಿದ್ದ ಜನ ಅವರು. ಆದರೆ ಎತ್ತಿ ನಿಲ್ಲಿಸುವುದು ಎಲ್ಲಿಯವರೆಗೆ ಎಂದು ಅವರು ಹೇಳಲಿಲ್ಲವೋ, ನಾವು ಕೇಳಿಸಿಕೊಳ್ಳಲಿಲ್ಲವೋ! ನಮ್ಮ ಸುತ್ತಲಿನ ಎಷ್ಟೋ ಹಳೆಯ ಗುಡಿಗಳ ಕಲ್ಲಿನ ಕಂಬಗಳಿಗೆ ಭಕ್ತರು ಆಯಿಲ್ ಪೇಂಟು ಬಳಿದು ಜೀರ್ಣೋದ್ಧಾರ ಮಾಡಿದ್ದಾರೆ. ಶಿಲ್ಪಿ ಉಳಿ ಹಿಡಿದು ಬಿಡಿಸಿದ ಕಣ್ಣು ಗುಲಾಬಿ ಬಣ್ಣದ ಕೆಳಗೆ ಮುಚ್ಚಿಹೋಗಿದೆ. ಅತ್ತ ಕಿತ್ತೂರಿನ ಕೋಟೆಯನ್ನು ನೋಡಿ. ಬಿದ್ದ ಗೋಡೆ ಬಿದ್ದ ಹಾಗೆಯೇ ಎದೆಗೆ ತಾಗುತ್ತದೆ. ಅದನ್ನು ನುಣ್ಣಗೆ ಗಿಲಾವು ಮಾಡಿ ಸುಣ್ಣ ಹಚ್ಚಿದರೆ ಅದು ಯಾರ ಮನೆಯೋ ಆಗುತ್ತದೆ, ಕೋಟೆಯಾಗುವುದಿಲ್ಲ. ಇಷ್ಟೆಲ್ಲ ವಿಚಾರ ನನಗೆ ಹೊಳೆದದ್ದು ಕೆಲಸ ಮುಗಿದ ಮೇಲೆ. ಕೆಲಸದ ಹೊತ್ತಿನಲ್ಲಿ ತಲೆ ಕೈಯ ಹಿಂದೆ ನಡೆಯುತ್ತಿತ್ತು.

ಕಾಕು ಬಂದ ದಿನ ಫಳಿ ಅಂಗಳದಲ್ಲಿ ಗೋಡೆಗೆ ಒರಗಿ ಥಳಥಳ ಹೊಳೆಯುತ್ತಿತ್ತು. ಕಾಕು ಚೀಲ ಇಳಿಸಿ ಅದರಲ್ಲಿ ತನ್ನ ಮುಖ ಕಂಡು ಬೆಚ್ಚಿದಳು.

“ಇದೇನು?”

“ನಮ್ಮ ಫಳಿನ ಕಾಕು! ಗೋವಾದಿಂದ ಬಂದಾಗ ಹೆಂಗಿತ್ತೋ ಹಂಗ ಮಾಡೇನಿ. ಹೊಸಾದ್ದ ಆತು.”

ಕಾಕು ಹತ್ತಿರ ಬಂದು ಅಂಗೈ ಇಟ್ಟಳು. ಮೇಲಿನಿಂದ ಕೆಳಕ್ಕೆ ಸವರಿದಳು. ಮತ್ತೊಮ್ಮೆ ಸವರಿದಳು, ಕತ್ತಲಲ್ಲಿ ಗೋಡೆಯ ಮೇಲೆ ದೀಪದ ಗುಂಡಿ ಹುಡುಕುವ ಹಾಗೆ.

“ಗೀರು ಎಲ್ಲಿ ಹ್ವಾದ್ವಪಾ?”

ನೇಸರಗಿಯ ಅಜ್ಜಿ ನನ್ನ ಹಿಂದೆಯೇ ನಿಂತು ಕನ್ನಡಕ ಒರೆಸುತ್ತಿದ್ದ ಹಾಗನ್ನಿಸಿತು.

ಕಾಕು ಫಳಿಯನ್ನು ಕಾಳಿನ ಚೀಲದ ಮೇಲೆ ಓರೆ ಮಾಡಿಸಿ ಹತ್ತಿ ಕೂತಳು. ರೆಕ್ಕೆಯ ಮೇಲೆ ಫಳಿ ಓಲಾಡಿತು, ಕಾಕು ಜಾರಿದಳು, ಶೋಭಾ ರಟ್ಟೆ ಹಿಡಿದಳು. ಒಂದು ಉಂಡೆ ಹಿಟ್ಟು ತರಿಸಿ ಉಜ್ಜಿ ನೋಡಿದಳು. ಹಿಟ್ಟು ಉಂಡೆಯಾಗಿಯೇ ಜಾರಿ ನೆಲಕ್ಕೆ ಹೋಯಿತು. ಸಮುದ್ರಕ್ಕೆ ತಕ್ಕ ಹಾಗೆ ಮಾಡಿದ್ದೆ, ಸಮುದ್ರ ಇರಲಿಲ್ಲ. ಶಾವಿಗೆ ಇತ್ತು, ಮಣೆ ಇರಲಿಲ್ಲ.

ನೆರೆಮನೆಯಿಂದ ಕಟ್ಟಿಗೆಯ ಮಣೆ ತಂದೆವು. ಕಾಕುವಿನ ಕಾಲಿಗೆ ಅದು ಕಿರಿದಾಯಿತು. ಅಂಗೈ ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ಎಂಬ ಲೆಕ್ಕ ತಪ್ಪಿ ಎಳೆ ಪಟಪಟ ಹರಿಯಿತು. ಮದುವೆ ಹತ್ತಿರ ಬರುತ್ತಿತ್ತು. ರಾಮದುರ್ಗದಿಂದ ಮಗಳು ಫೋನು ಮಾಡಿ, “ಯವ್ವಾ, ಯಾಕ ತ್ರಾಸ ಮಾಡ್ಕೊಂತಿ? ಈಗ ಎಲ್ಲಾರೂ ಮಶಿನ್ ಶಾವಿಗಿನ ಒಯ್ತಾರ,” ಅಂದಳು. ಮಶಿನ್ ಶಾವಿಗೆಯ ಹೆಸರೆತ್ತಿದರೆ “ಅದು ಶಾವಿಗಿ ಅಲ್ಲ, ತಂತಿ,” ಎನ್ನುತ್ತಿದ್ದ ಕಾಕು, ಆ ದಿನ ನಾದಿದ ಹಿಟ್ಟಿನ ಮೇಲೆ ಒದ್ದೆ ಅರಿವೆ ಮುಚ್ಚಿ, “ಹಂಗ ಮಾಡ್ರಿ. ಮಶಿನ್‌ದ ಒಯ್ಯೂಣು,” ಅಂದುಬಿಟ್ಟಳು. ಹೇಳಿ ಒಳಗೆ ಹೋದಳು.

ಅಂಗಳದಲ್ಲಿ ನಾನೂ ಕಾಕಾನೂ ಉಳಿದೆವು, ನಡುವೆ ಆ ಹಳದಿ ಸೂರ್ಯ. ಕಾಕಾ ಅಡಿಕೆಯ ಚೂರು ಬಾಯಿಗೆ ಹಾಕಿಕೊಂಡು ಹೇಳಿದ, “ಭಾಳ ಚಂದ ಮಾಡೀ, ಸುಳ್ಳಲ್ಲ. ಆ ಕೆಂಪ ಗಡ್ಡದಂವ ನೋಡಿದ್ರ ಕಣ್ಣೀರು ಹಾಕತಿದ್ದ. ಆದರ ಅಂವ ಬಂದು ಶಾವಿಗಿ ಹೊಸಿಯೂದಿಲ್ಲಲ್ಲೊ ತಮ್ಮಾ.” ಆಮೇಲೆ ಎದ್ದು ಮೂಲೆಯ ಡಬ್ಬಿಯಲ್ಲಿ ಗಡಗಡ ಹುಡುಕಿ ಗರಗಸದ ಬ್ಲೇಡು ತಂದು ನನ್ನ ಮುಂದೆ ಹಿಡಿದ. “ಆವತ್ತ ನಾ ಗೀರಿದ್ದೆ. ಇವತ್ತ ಪಾಳಿ ನಿಂದು.”

ಒಂದು ಮಾತು ಒಪ್ಪಿಕೊಳ್ಳಬೇಕು. ಕನ್ನಡಿಯಂಥ ಆ ಮೈಯಲ್ಲಿ ಕೊನೆಯದಾಗಿ ಒಮ್ಮೆ ಮುಖ ನೋಡಿಕೊಂಡೇ ಮೊದಲ ಗೀರು ಎಳೆದೆ. ಸದ್ದು ಕೇಳಿ ಕಾಕು ಬಾಗಿಲಿಗೆ ಬಂದಳು. ಆಮೇಲೆ ಅಂಗಳಕ್ಕೆ ಇಳಿದಳು.

“ಅಷ್ಟ ಆಳ ಬ್ಯಾಡೋ, ಹೊಲಾ ಊಳಾಕ ಹತ್ತಿಯೇನು?”

ಬ್ಲೇಡು ಹಗುರವಾಯಿತು.

“ಅಲ್ಲಿ ಬಿಡು. ಅಲ್ಲಿ ನನ್ನ ಮಣಕಾಲ ಬರತೈತಿ. ಇತ್ತಾಗ ಬಾ. ಇನ್ನೂ ಇತ್ತಾಗ. ಹಾಂ, ಅಲ್ಲಿಂದ ಸನೇಕ ಸನೇಕ ಹಾಕು.”

ಅವಳು ಕಣ್ಣು ಮುಚ್ಚಿ ಅಂಗೈ ಆಡಿಸಿ ತೋರಿಸುತ್ತಿದ್ದಳು, ನಾನು ಒತ್ತೊತ್ತಾಗಿ ಗೀರುತ್ತಿದ್ದೆ. ರಿಪೇರಿ ಎಂಬುದು ಆ ಮಧ್ಯಾಹ್ನ ಸುರುವಾಯಿತು. ಅಲ್ಲಿಯವರೆಗೆ ನಾನು ಮಾಡಿದ್ದು ಬರೀ ಹೊಳಪು.

ಉಳಿದದ್ದು ರೆಕ್ಕೆ. ಅದನ್ನು ಮತ್ತೆ ಕೊಯ್ಯೋಣವೆಂದು ನಾನು ಅಂದೆ. ಕಾಕಾ, “ತಡಿ ತಡಿ,” ಎಂದು ತಾನು ಮಲಗುವ ನುಲಿಯ ಹೊರಸನ್ನು ಎಳೆದು ತಂದ. ಫಳಿಯ ಮೇಲುತುದಿಯನ್ನು ಹೊರಸಿನ ಮೇಲಿಟ್ಟು, ರೆಕ್ಕೆಯನ್ನು ನುಲಿಯ ಸಂದಿಯಲ್ಲಿ ಇಳಿಸಿದ. ಕಾಕು ಹತ್ತಿ ಕೂತಳು. ಫಳಿ ಮಿಸುಕಲಿಲ್ಲ. ಅಷ್ಟು ಬೇಸಿಗೆಗಳಲ್ಲಿ ಈ ಫಳಿ ಕೆಳಕ್ಕೆ ಜಾರದಂತೆ ಯಾರಾದರೂ ಕಾಲು ಅಡ್ಡ ಕೊಟ್ಟು ಕೂರಬೇಕಿತ್ತು. ಸಮುದ್ರದಲ್ಲಿಯೂ ರೆಕ್ಕೆಯ ಕೆಲಸ ಇದೇ ಅಂತೆ, ಹಲಿಗೆಯನ್ನು ಅಡ್ಡಾದಿಡ್ಡಿ ಹೋಗಗೊಡದೆ ಹಿಡಿಯುವುದು. ಕಾಕು ಅತ್ತಿತ್ತ ಅಲ್ಲಾಡಿಸಿ ನೋಡಿ, “ಅತ್ತಿ ಇದನ್ನ ಸುಮ್ಮನ ಕೊಯ್ಸಿದ್ಲು ನೋಡು,” ಅಂದಳು. ಅತ್ತೆಯ ಒಂದು ತಪ್ಪು ಸಿಕ್ಕ ಸಮಾಧಾನ ಆ ಮುಖದಲ್ಲಿ ತೆಳ್ಳಗೆ ಮೂಡಿತು. ಮರುಗಳಿಗೆಯೇ ನನ್ನತ್ತ ತಿರುಗಿ, “ಆದರ ನನ್ನ ಹಿಟ್ಟು ಕೆರಿಯೂದು ಈಗ ಎಲ್ಲೈತಿ?” ಅಂದಳು. ಶೋಭಾ ಸ್ಟೀಲಿನದೊಂದು ಕೊಟ್ಟು ನನ್ನನ್ನು ಉಳಿಸಿದಳು.

ಆಮೇಲೆ ನಾನು ಮತ್ತೊಂದು ವಿಡಿಯೋ ನೋಡಿದೆ. ಅದನ್ನು ಮೊದಲೇ ನೋಡಬೇಕಿತ್ತು. ಸಮುದ್ರಕ್ಕೆ ಇಳಿಯುವ ಮುನ್ನ ಆ ಜನ ಹಲಿಗೆಯ ಮೈಗೆ ಮೇಣ ತಿಕ್ಕುತ್ತಾರೆ. ನಾನು ಹೊಳಪಿಗೆ ಎಂದುಕೊಂಡಿದ್ದೆ. ಅಲ್ಲ, ಒರಟು ಮಾಡಲಿಕ್ಕೆ. ನುಣುಪಾದ ಹಲಿಗೆಯ ಮೇಲೆ ಅವರ ಕಾಲೂ ನಿಲ್ಲುವುದಿಲ್ಲ. ಅಂದರೆ ನನ್ನ ಆ ಕನ್ನಡಿ ನೆಲದವರಿಗೂ ಬೇಕಾಗಿರಲಿಲ್ಲ, ನೀರಿನವರಿಗೂ ಬೇಕಾಗಿರಲಿಲ್ಲ. ಅದು ಬೇಕಾಗಿದ್ದದ್ದು ಮುಖ ನೋಡಿಕೊಳ್ಳಲು ನನಗೊಬ್ಬನಿಗೆ.

ಕಾಕು ನನ್ನಿಂದ ಫಳಿಯನ್ನು ಹುಣಸೆಹಣ್ಣು ಹಚ್ಚಿ ತೊಳೆಸಿದಳು, ಬೂದಿ ಹಚ್ಚಿ ತೊಳೆಸಿದಳು, ಬಿಸಿಲಿಗೆ ಇಡಿಸಿದಳು, ಮೂಸಿ ನೋಡಿ ಮತ್ತೆ ತೊಳೆಸಿದಳು. ಕೊನೆಗೆ ಒಂದು ಮುಂಜಾನೆ ಶೇಂಗಾ ಎಣ್ಣೆಯ ಕೈ ಸವರಿ, ಸೂರ್ಯನ ಮೇಲೆ ಅತ್ತೊಂದು ಇತ್ತೊಂದು ಕಾಲು ಹಾಕಿ ಕೂತಳು. ಅಂಗೈ ನಡುಗುತ್ತಿತ್ತು. ಗೀರಿನ ಮೇಲೆ ಹಿಟ್ಟು ಇಟ್ಟ ಕೂಡಲೇ ಆ ನಡುಕ ಎಲ್ಲಿ ಹೋಯಿತೋ, ಎಳೆ ಇಳಿಯತೊಡಗಿತು. ಶೋಭಾ ಕೆಳಗೆ ಕೂತು ಹಿಡಿದಳು. ಹೊತ್ತೇರುವಷ್ಟರಲ್ಲಿ ಅಂಗಳದ ಕೋಲುಗಳ ಮೇಲೆಲ್ಲ ಶಾವಿಗೆ ಗಾಳಿಗೆ ತೂಗುತ್ತಿತ್ತು. ಬೈಲಹೊಂಗಲಕ್ಕೆ ಬಂದು ಅಲೆ ನೋಡಬೇಕೆಂದರೆ ಅದೇ.

ಒಣಗಿದ ಮೊದಲ ಹಿಡಿಯನ್ನು ಕಾಕು ಅವತ್ತೇ ಬೇಯಿಸಿ, ಹಾಲು ಬೆಲ್ಲ ಹಾಕಿ, ತಾಟು ತಂದು ನನ್ನ ಮುಂದೆ ಇಟ್ಟಳು. ಮಾನ ಸಿಕ್ಕಿತೆಂದು ನಾನು ಹಿಗ್ಗಿದೆ.

“ಭಾಳ ಖುಷಿ ಪಡಬ್ಯಾಡ,” ಅಂದಳು ಕಾಕು. “ಏನೇನು ಬಳದೀಯೋ ಯಾರಿಗೆ ಗೊತ್ತು. ಮೊದಲ ನೀ ತಿನ್ನು. ನಾಳಿ ಮುಂಜಾನಿ ಎದ್ದಿ ಅಂದ್ರ ರಾಮದುರ್ಗಕ್ಕ ಒಯ್ಯೂಣು.”

ನಾನು ತಿಂದೆ. ಕಾಕಾ ಪಕ್ಕದಲ್ಲಿ ಕೂತು ನನ್ನ ಗಂಟಲನ್ನೇ ನೋಡುತ್ತಿದ್ದ. ಶೋಭಾ ಬಾಗಿಲ ಹಿಂದೆ ನಗುತ್ತಿದ್ದಳು. ಎಳೆ ತೆಳ್ಳಗಿತ್ತು, ಒಂದಕ್ಕೊಂದು ಅಂಟಿರಲಿಲ್ಲ. ಬೆಲ್ಲದ ಕೆಳಗೆ ಎಲ್ಲೋ ಬೆಳಗಾವಿಯ ಅಂಗಡಿಯ ನೆನಪು ಬಂದ ಹಾಗಾಯಿತು. ಅದು ಮನಸ್ಸಿನ ಅಂಜಿಕೆಯೇ ಇರಬೇಕೆಂದು ತಾಟು ನೆಕ್ಕಿದೆ.

ಮರುದಿನ ಮಬ್ಬು ಹರಿಯುವ ಮೊದಲೇ ಯಾರೋ ಬಾಗಿಲು ಬಡಿದರು. ತೆರೆದರೆ ಕಾಕು, ಹೊಸ ಇಳಕಲ್ ಸೀರೆ ಉಟ್ಟು, ಶಾವಿಗೆಯ ಬುಟ್ಟಿಯನ್ನು ಟೊಂಕದ ಮೇಲಿಟ್ಟುಕೊಂಡು ನಿಂತಿದ್ದಳು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಎದ್ದೀ?”

“ಎದ್ದೇನಿ ಕಾಕು.”

“ಹಂಗಾರ ಜಳಕಾ ಮಾಡು, ಬಸ್ಸಿಗೆ ಹೊತ್ತಾತು,” ಅಂದು, ಬುಟ್ಟಿಯನ್ನು ನನ್ನ ಕೈಗೆ ಕೊಟ್ಟಳು.